ಯೋನನ ಕಥೆಯೂ ನಮ್ಮ ಮಕ್ಕಳೂ

ದೇವರ ಕರುಣೆಯನ್ನೂ ನ್ಯಾಯವನ್ನೂ ಮಕ್ಕಳಿಗೆ ಒಟ್ಟಿಗೆ ತಿಳಿಸುವುದು ಸುಲಭದ ಕೆಲಸವಲ್ಲ. ಕರುಣೆಯೊಂದನ್ನೇ ಹೇಳಿದರೆ ತಪ್ಪು ತಪ್ಪೇ ಅಲ್ಲವೆಂಬ ಭಾವನೆ ಬೆಳೆದೀತು. ನ್ಯಾಯವೊಂದನ್ನೇ ಹೇಳಿದರೆ ಭಯವಷ್ಟೇ ಉಳಿದೀತು.

ಬೈಬಲಿನ ಯೋನನ ಕಥೆಗೆ ಈ ತೊಡಕೇ ವಸ್ತು. ನಿನೆವೆಯ ಜನ ಪಶ್ಚಾತ್ತಾಪಪಡುತ್ತಾರೆ, ದೇವರು ಕ್ಷಮಿಸುತ್ತಾನೆ, ಸಿಟ್ಟಾಗುವವನು ಪ್ರವಾದಿಯೇ! ಬಲಗೈ ಎಡಗೈಗಳ ಭೇದವರಿಯದ 1,20,000ಕ್ಕೂ ಹೆಚ್ಚು ಜನರಿಗಾಗಿ, ಅವರ ದನಕರುಗಳಿಗಾಗಿ ತಾನು ಮರುಗಬಾರದೇ ಎಂದು ದೇವರು ಕೇಳುವಲ್ಲಿಗೆ ಕಥೆ ನಿಲ್ಲುತ್ತದೆ. ಯೋನನ ಉತ್ತರ ಅಲ್ಲಿಲ್ಲ. ಮಕ್ಕಳಿಗಾಗಿ ಮರುಹೇಳುವವರು ಹೆಚ್ಚಾಗಿ ದೊಡ್ಡ ಮೀನಿನ ಪ್ರಸಂಗದಲ್ಲಿಯೇ ಉಳಿದುಬಿಡುತ್ತಾರೆ; ಇಲ್ಲವೇ ಕೊನೆಗೊಂದು ನೀತಿಯನ್ನು ಅಂಟಿಸಿ ಆ ಪ್ರಶ್ನೆಯನ್ನೇ ಅಳಿಸಿಬಿಡುತ್ತಾರೆ.

ಕನ್ನಡಕ್ಕೆ ಇಂತಹ ಕಥನ ಹೊಸದೇನಲ್ಲ. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅದೇ ಪರಂಪರೆಯ ಕಿಟ್ಟೆಲರು ಕ್ರಿಸ್ತಚರಿತೆಯನ್ನು 'ಕಥಾಮಾಲೆ'ಯಾಗಿ ಕನ್ನಡದ ಛಂದಸ್ಸಿಗೆ ಒಗ್ಗಿಸಿದರು. ಕೇಳುವವರ ನುಡಿಯ ಲಯದಲ್ಲಿ ಬಾರದ ಕಥೆ ಕಿವಿಯಲ್ಲೇ ಉಳಿಯುತ್ತದೆಂಬ ಅರಿವು ಅದರ ಹಿಂದಿದೆ.

ನಮ್ಮ 'ಗೋವಿನ ಹಾಡು' ಮಾಡುವುದೂ ಇದನ್ನೇ. ಪುಣ್ಯಕೋಟಿ ಮಾತಿಗೆ ತಪ್ಪದೆ ಮರಳುತ್ತಾಳೆ. ಹುಲಿ ಪ್ರಾಣ ಬಿಡುತ್ತದೆ. ಅದು ಶಿಕ್ಷೆಯೇ, ಪಶ್ಚಾತ್ತಾಪವೇ? ಹಸಿದ ಹುಲಿಗೆ ನ್ಯಾಯವೆಲ್ಲಿ? ಮಗು ಕೇಳಿಯೇ ಕೇಳುತ್ತದೆ.

ಹಲವು ಮತಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕೂಡುವ ಮುಂಬಯಿಯಲ್ಲಿ ಯೋನನನ್ನೂ ಪುಣ್ಯಕೋಟಿಯನ್ನೂ ಜೊತೆಯಾಗಿ ಹೇಳಬೇಕು. ಕಥೆಗಾರನು ಸಂಭಾಷಣೆಯನ್ನು ಕಲ್ಪಿಸಲಿ, ಸನ್ನಿವೇಶವನ್ನು ಹಿಗ್ಗಿಸಲಿ. ಆದರೆ ಉತ್ತರವನ್ನು ತಾನೇ ಕೊಡದಿರಲಿ. ಮತಬೋಧೆಗೂ ಸಾಹಿತ್ಯಕ್ಕೂ ಇರುವ ಅಂತರ ಅಷ್ಟೇ.