ಲಿಂಗೈಕ್ಯರಾದವರ ನೆನಹು



ಮನೆಯ ಹಿರಿಯರೊಬ್ಬರು ಲಿಂಗೈಕ್ಯರಾದಾಗ ಲಿಂಗಾಯತ ಮನೆತನಗಳಲ್ಲಿ ನಡೆಯುವ ಕ್ರಿಯೆಗಳು ಎಲ್ಲರಿಗೂ ತಿಳಿದಿರುವಂಥವೇ. ಪಾರ್ಥಿವ ಶರೀರಕ್ಕೆ ವಿಭೂತಿ ಧರಿಸಿ, ಸಾಮಾನ್ಯವಾಗಿ ಕುಳಿತ ಭಂಗಿಯಲ್ಲಿರಿಸಿ, ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಸಮಾಧಿ ಮಾಡಲಾಗುತ್ತದೆ. ಬಳಿಕ ಶಿವಗಣಾರಾಧನೆ, ಪ್ರಸಾದ, ನುಡಿನಮನ. ವರುಷ ತುಂಬಿದಾಗ ಪುಣ್ಯಸ್ಮರಣೆ. ಪಂಚಸೂತಕಗಳನ್ನು ನಿರಾಕರಿಸಿದ ಶರಣರು ಸಾವಿನ ಮೈಲಿಗೆಯನ್ನೂ ಒಪ್ಪಲಿಲ್ಲ. ಆದುದರಿಂದ ಶರಣಧರ್ಮದಲ್ಲಿ ಪಿಂಡಕ್ಕಾಗಲಿ ತರ್ಪಣಕ್ಕಾಗಲಿ ಎಡೆಯಿಲ್ಲ. ಲಿಂಗದಲ್ಲಿ ಒಂದಾದವರಿಗೆ ಉಳಿದವರಿಂದ ಆಗಬೇಕಾದುದೇನೂ ಇಲ್ಲ.

ಹಾಗಾದರೆ ಸ್ಮರಣೆ ಯಾರಿಗಾಗಿ? ಈ ಪ್ರಶ್ನೆಯನ್ನು ಕೇಳಿಕೊಳ್ಳದೆ ಇರುವುದರಿಂದಲೇ ಇತ್ತೀಚಿನ ನುಡಿನಮನಗಳು ಬಹುಮಟ್ಟಿಗೆ ಸೊರಗಿವೆ. ಅಗಲಿದವರೆಲ್ಲರೂ ದಾಸೋಹಮೂರ್ತಿಗಳು, ಎಲ್ಲರೂ ಅಜಾತಶತ್ರುಗಳು. ಹೆಸರೊಂದನ್ನು ಬದಲಿಸಿದರೆ ಅದೇ ಭಾಷಣ ಮುಂದಿನ ಓಣಿಯ ಮನೆಗೂ ಸಲ್ಲುತ್ತದೆ. (ಭಾಷಣಕಾರರೂ ಅನೇಕ ವೇಳೆ ಅವರೇ ಆಗಿರುತ್ತಾರೆ.) ಭಾವಚಿತ್ರ ಗೋಡೆಗೇರುತ್ತದೆ, ಅದರಡಿಯಲ್ಲಿ ಲಿಂಗೈಕ್ಯರಾದ ದಿನಾಂಕ ಬರೆಯಲ್ಪಡುತ್ತದೆ. ಮೊಮ್ಮಕ್ಕಳ ಕಾಲಕ್ಕೆ ಉಳಿಯುವುದು ಹಾರ ಮತ್ತು ದಿನಾಂಕ ಮಾತ್ರ.

ಹನ್ನೆರಡನೆಯ ಶತಮಾನದ ಶರಣರನ್ನು ನಾಡು ನೆನೆದ ಬಗೆ ಹೀಗಿರಲಿಲ್ಲ. ಹಗ್ಗ ಹೊಸೆದವರು ನುಲಿಯ ಚಂದಯ್ಯನವರು, ಕಟ್ಟಿಗೆ ಹೊತ್ತವರು ಮೋಳಿಗೆ ಮಾರಯ್ಯನವರು, ಚೆಲ್ಲಿದ ಅಕ್ಕಿಯನ್ನು ಆಯ್ದು ತಂದ ಮನೆಯ ಒಡತಿ ಆಯ್ದಕ್ಕಿ ಲಕ್ಕಮ್ಮ, ನೂಲು ತೆಗೆದವರು ಕದಿರ ರೆಮ್ಮವ್ವೆ, ಭತ್ತ ಕುಟ್ಟಿದವರು ಕೊಟ್ಟಣದ ಸೋಮಮ್ಮ. ಕಾಯಕವೇ ಹೆಸರಿಗೆ ಅಂಟಿ ನಿಂತಿದೆ. ಅವರು ಹುಟ್ಟಿದ ತಿಥಿ ತಿಳಿಯದು, ಐಕ್ಯರಾದ ತಿಥಿ ತಿಳಿಯದು. ಅವರ ಕೈಗಳು ಏನು ಮಾಡುತ್ತಿದ್ದವು ಎಂಬುದು ಎಂಟು ನೂರು ವರುಷಗಳಾಚೆಗೂ ತಿಳಿದಿದೆ. ಇಂದಿನ ಮನೆಗಳಲ್ಲಿ ಇದು ತಿರುವುಮುರುವಾಗಿದೆ.

ಇನ್ನೊಂದು ಮಾತು. ಸಾವಿನ ಮನೆಯಲ್ಲಿ ಅಳುವ ಮಡದಿಯನ್ನು, ಮಗಳನ್ನು ಕಂಡು, ‘ಲಿಂಗೈಕ್ಯರಾದವರಿಗೆ ಅಳಬಾರದು’ ಎಂದು ಬುದ್ಧಿ ಹೇಳುವವರಿದ್ದಾರೆ. ತತ್ತ್ವವನ್ನು ಬಲ್ಲವರಂತೆ ತೋರುವ ಇವರು ನೀಲಾಂಬಿಕೆಯ ವಚನಗಳನ್ನು ಓದಿದಂತೆ ಕಾಣದು. ಸಂಗಯ್ಯನ ಅಂಕಿತದಲ್ಲಿ ಆ ತಾಯಿಯ ನೂರಕ್ಕೂ ಮಿಕ್ಕ ವಚನಗಳು ದೊರೆತಿವೆ. ಬಸವಣ್ಣನವರು ಇಲ್ಲದ ಬರಿದು ಅವುಗಳಲ್ಲಿ ಮತ್ತೆ ಮತ್ತೆ ತಲೆದೋರುತ್ತದೆ. ಬಸವಣ್ಣನವರು ಕೂಡಲಸಂಗಮದಲ್ಲಿ ಐಕ್ಯರಾದರೆ, ನೀಲಾಂಬಿಕೆ ಕೃಷ್ಣೆಯ ದಡದ ತಂಗಡಗಿಯಲ್ಲಿ ಐಕ್ಯರಾದರೆಂಬುದು ಐತಿಹ್ಯ. ಐಕ್ಯದ ಅರ್ಥವನ್ನು ಅವರಿಗಿಂತ ಬಲ್ಲವರು ಯಾರು? ಆದರೂ ಅವರು ಆ ಬರಿದನ್ನು ಮುಚ್ಚಿಡಲಿಲ್ಲ. ಅದರ ನಡುವೆಯೇ ಹಾದು ಐಕ್ಯದತ್ತ ನಡೆದರು. ಅಗಲಿದವರಿಗಾಗಿ ಮಿಡಿಯುವ ಕಣ್ಣೀರು ಭಕ್ತಿಗೆ ಕುಂದಲ್ಲ ಎನ್ನಲು ಬೇರೆ ಆಧಾರ ಬೇಕಿಲ್ಲ.

ಹಾಗೆಯೇ ಅಗಲಿದವರ ದೋಷವನ್ನು ನುಡಿಯುವುದೂ ಅಪಚಾರವಲ್ಲ. ದೋಷವನ್ನೆಲ್ಲ ಒರೆಸಿ ಉಳಿಸಿಕೊಂಡ ಮೂರ್ತಿಗೆ ಪೂಜೆ ಸಲ್ಲಬಹುದು, ನೆನಪು ಸಲ್ಲದು.

ಭಕ್ತರೊಬ್ಬರ ಮನೆಯ ಶಿವಗಣಾರಾಧನೆಯಲ್ಲಿ ಇದು ಕಣ್ಣಿಗೆ ಕಟ್ಟುವಂತಾಯಿತು. ಲಿಂಗೈಕ್ಯರಾದವರು ಮನೆಯ ಹಿರಿಯ ತಾಯಿ. ಐದಾರು ಮಂದಿ ಗಣ್ಯರು ಮಾತನಾಡಿ ಕುಳಿತರು. ಮಕ್ಕಳು ತಲೆ ತಗ್ಗಿಸಿ ಕೇಳಿದರು. ಯಾರ ಕಣ್ಣೂ ಒದ್ದೆಯಾಗಲಿಲ್ಲ. ಕೊನೆಗೆ, ಆ ಮನೆಯ ಹೊಲದಲ್ಲಿ ಬಹುಕಾಲ ದುಡಿದ ವೃದ್ಧೆಯೊಬ್ಬರು, ಯಾರೂ ಕರೆಯದೆ ಇದ್ದರೂ, ಬಾಗಿಲ ಬಳಿಯಿಂದಲೇ ಎದ್ದು ನಿಂತರು. “ಬಾಯಿ ಭಾಳ ಖಾರ ಇತ್ರಿ ನಮ್ಮವ್ವಾರದು. ಕೈ ಹಂಗಿರಲಿಲ್ರಿ” ಎಂದರು. ಸಭೆ ನಕ್ಕಿತು, ಹೆಣ್ಣುಮಕ್ಕಳಂತೂ ನಗುತ್ತಲೇ ಸೆರಗಿಗೆ ಕಣ್ಣೊತ್ತಿಕೊಂಡರು.

ವೃದ್ಧೆ ಹೇಳಿದ್ದು 1972ರ ಬರಗಾಲದ ಸಂಗತಿ. ಜೋಳ ಕಡ ಕೇಳಲು ಬಂದವರಿಗೆ ಆ ತಾಯಿ ಮೊದಲು ಚೆನ್ನಾಗಿ ಬೈಯುತ್ತಿದ್ದರಂತೆ. ಬೈದ ಮೇಲೆ ಸೇರಿನ ಬಾಯಿಯ ಮೇಲೆ ಗೋಪುರ ಏಳುವಂತೆ ತುಂಬಿ ಅಳೆಯುತ್ತಿದ್ದರಂತೆ. ಮುಂದೆ ಬೆಳೆ ಬಂದು ಕಡ ಹಿಂದಿರುಗಿದಾಗ ಮಾತ್ರ, ಸೇರನ್ನು ಅಂಗೈಯಿಂದ ಸವರಿ ಮಟ್ಟಮಾಡಿ, ಅಷ್ಟನ್ನೇ ಪಡೆಯುತ್ತಿದ್ದರಂತೆ. ಲೆಕ್ಕ ಬರೆದಿಟ್ಟಿರಲಿಲ್ಲ. ಹೆತ್ತ ಮಕ್ಕಳಿಗೂ ಇದು ತಿಳಿದಿರಲಿಲ್ಲ.

ಪ್ರಸಾದ ಮುಗಿದ ಬಳಿಕ ಹಿರಿಯ ಮಗ ಆ ವೃದ್ಧೆಯನ್ನು ಪಡಸಾಲೆಗೆ ಕರೆದು ಕೂರಿಸಿಕೊಂಡರು. ಮೊಮ್ಮಗಳೊಬ್ಬಳು ಶಾಲೆಯ ನೋಟುಬುಕ್ಕು ತಂದು, ಯಾವ ಯಾವ ಮನೆಗೆ ಜೋಳ ಹೋಯಿತೆಂದು ಕೇಳಿ ಬರೆದುಕೊಳ್ಳತೊಡಗಿದಳು. ವೃದ್ಧೆ ಬೆರಳು ಮಡಿಸುತ್ತ ಏಳು ಮನೆಗಳನ್ನು ಹೇಳಿದರು. ಎಂಟನೆಯದನ್ನು ಮಾತ್ರ ಹೇಳಲಿಲ್ಲ. ಆ ಮನೆಗೆ ಕತ್ತಲಾದ ಮೇಲೆಯೇ ಒಯ್ದು ಕೊಡಬೇಕು, ಹೆಸರು ಎಲ್ಲಿಯೂ ಎತ್ತಬಾರದು ಎಂಬುದು ಆ ತಾಯಿಯ ಕಟ್ಟಪ್ಪಣೆಯಾಗಿತ್ತಂತೆ. ಮೊಮ್ಮಗಳು ಎಂಟು ಎಂದು ಬರೆದು, ಮುಂದಿನ ಸಾಲನ್ನು ಖಾಲಿ ಬಿಟ್ಟಳು.