ಯಾವ ಬೆಂಗಳೂರಿಗೆ ಫಸ್ಟ್ ರ‍್ಯಾಂಕ್?



2021ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ‘ಈಸ್ ಆಫ್ ಲಿವಿಂಗ್’ ಸೂಚ್ಯಂಕ ಬಿಡುಗಡೆ ಮಾಡ್ತು. 111 ನಗರಗಳನ್ನ ಅಳೆದಿದ್ರು. ಹತ್ತು ಲಕ್ಷಕ್ಕಿಂತ ಹೆಚ್ಚು ಜನ ಇರೋ ನಗರಗಳಲ್ಲಿ ನಮ್ಮ ಬೆಂಗಳೂರೇ ಫಸ್ಟು. 66.70 ಅಂಕ. ಈಗಲೂ ಅದನ್ನ ಹೇಳ್ಕೊಂಡು ಬೀಗೋರಿದ್ದಾರೆ. ನನ್ನದು ಒಂದೇ ಪ್ರಶ್ನೆ: ಆ ಅಂಕ ಯಾವ ಬೆಂಗಳೂರಿಗೆ ಬಂದಿದ್ದು?

ಕೋರಮಂಗಲದ ನ್ಯಾಷನಲ್ ಗೇಮ್ಸ್ ವಿಲೇಜ್ ಪಕ್ಕದಲ್ಲೇ ರಾಜೇಂದ್ರನಗರದ ಕೊಳೆಗೇರಿ ಇದೆ. ಎರಡನ್ನೂ ಕೂಡಿಸಿ ಭಾಗಿಸಿದ್ರೆ ಬರೋ ಅಂಕಿ ಇಬ್ಬರ ಬದುಕನ್ನೂ ಹೇಳಲ್ಲ. ಆಫೀಸಿನಲ್ಲಿ ದಿನಾ ಸ್ಟೇಟ್‌ಮೆಂಟ್ ತಯಾರು ಮಾಡೋ ಗುಮಾಸ್ತ ನಾನು. ‘ಸರಾಸರಿ’ ಅನ್ನೋ ಕಾಲಂ ಒಳಗೆ ಏನೇನು ಮುಚ್ಚಿಡಬಹುದು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಮೋಸ ನೋಡಿ. 2013ರ ಜನವರಿಯಲ್ಲಿ ಈಜಿಪುರದ ಇಡಬ್ಲ್ಯುಎಸ್ ಕ್ವಾರ್ಟರ್ಸ್ ಜಾಗದಲ್ಲಿದ್ದ ಬಡವರ ಶೆಡ್‌ಗಳನ್ನ ಜೆಸಿಬಿ ತಂದು ನೆಲಸಮ ಮಾಡಿದ್ರು. ಹೀಗೆ ಬಡವರನ್ನ ಊರಾಚೆ ಎಸೆದ ಮೇಲೆ ಆ ಏರಿಯಾದ ಸರಾಸರಿ ತಾನಾಗೇ ಮೇಲೇರುತ್ತೆ. ಯಾರೊಬ್ಬರ ಬದುಕೂ ಸುಧಾರಿಸಿರಲ್ಲ, ಲೆಕ್ಕ ಮಾತ್ರ ಸುಧಾರಿಸಿರುತ್ತೆ!

‘ಎಲ್ಲದಕ್ಕೂ ಜಾತಿ ಯಾಕ್ರೀ ತರ್ತೀರಾ?’ ಅಂತ ಕೇಳೋರಿಗೆ ಉತ್ತರ ಇದೆ. ಐಐಎಂ ಬೆಂಗಳೂರಿನ ಸಂಶೋಧಕರು 2011ರ ಜನಗಣತಿಯನ್ನ ವಾರ್ಡ್ ಬಿಟ್ಟು ಅದಕ್ಕಿಂತ ಚಿಕ್ಕದಾದ ಗಣತಿ ಬ್ಲಾಕ್ ಮಟ್ಟದಲ್ಲಿ ನೋಡಿದ್ರು. ಬ್ಲಾಕ್ ಅಂದ್ರೆ ನೂರು ಚಿಲ್ಲರೆ ಮನೆ, ಅಷ್ಟೇ. ವಾರ್ಡ್ ಲೆಕ್ಕದಲ್ಲಿ ಎಲ್ಲರೂ ಬೆರೆತು ಬದುಕಿದಂಗೆ ಕಾಣುತ್ತೆ. ಬ್ಲಾಕ್‌ಗೆ ಇಳಿದ್ರೆ ದಲಿತರು ಒಂದು ಕಡೆ, ಮಿಕ್ಕವರು ಇನ್ನೊಂದು ಕಡೆ. ಅದೇ ಹಳೇ ಊರು, ಅದೇ ಕೇರಿ. ಬೆಂಗಳೂರು, ಚೆನ್ನೈ, ಮುಂಬೈ, ದೆಹಲಿ, ಕೋಲ್ಕತ್ತಾ ಐದೂ ಕಡೆ ಇದೇ ಕಥೆ. ಹಳ್ಳಿಯನ್ನ ಹೊಗಳೋರನ್ನ ಬಾಬಾಸಾಹೇಬರು 1948ರಲ್ಲೇ ಸಂವಿಧಾನ ಸಭೆಯಲ್ಲಿ ತರಾಟೆಗೆ ತಗೊಂಡಿದ್ರು. ಆ ಹಳ್ಳಿ ಬಿಟ್ಟು ಬಂದ ನಮ್ಮ ಬೆನ್ನಿಗೇ ಕೇರಿಯೂ ಸಿಟಿ ಬಸ್ ಹತ್ತಿ ಬಂದಿದೆ.

ಹಂಗಾದ್ರೆ ಅಳತೆ ಬೇಡ್ವಾ? ಬೇಕು. ಅಳೆಯದೇ ಇದ್ರೆ ‘ನಿಮಗೇನು ಕಮ್ಮಿ ಆಗಿದೆ’ ಅಂತಾರೆ. ಆದ್ರೆ ಅಳೆಯೋ ರೀತಿ ಬದಲಾಗಬೇಕು. ನೀರು ಮನೆ ಒಳಗೆ ಬರುತ್ತಾ, ನೂರು ಮೀಟರ್ ಆಚೆಯಿಂದ ಹೊರಬೇಕಾ ಅನ್ನೋದನ್ನ ಜನಗಣತಿಯವರು ಮನೆ ಮನೆಗೂ ಕೇಳ್ತಾರೆ. ಆ ಉತ್ತರ ಬೀದಿವಾರು ನಮ್ಮ ಕೈಗೆ ಸಿಗಬೇಕು. ಊರನ್ನೆಲ್ಲ ಗುಡಿಸೋ ಪೌರಕಾರ್ಮಿಕರ ಬೀದಿಯಲ್ಲಿ ಕಸದ ಗಾಡಿ ಎಷ್ಟು ದಿನಕ್ಕೊಮ್ಮೆ ಬರುತ್ತೆ, ಚರಂಡಿ ಮುಚ್ಚಿದೆಯಾ, ರಾತ್ರಿ ಹೆಣ್ಣುಮಕ್ಕಳು ಹೋಗೋಕೆ ಶೌಚಾಲಯ, ಬೀದಿದೀಪ ಇದೆಯಾ ಅನ್ನೋದೂ ಲೆಕ್ಕಕ್ಕೆ ಬರಬೇಕು.

ಈಗ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದಿವೆ. 2027ರ ಜನಗಣತಿಯಲ್ಲಿ ಎಲ್ಲರ ಜಾತಿಯನ್ನೂ ಬರೆಸ್ತೀವಿ ಅಂತ ಸರ್ಕಾರ ಹೇಳಿದೆ. ನಮ್ಮ ಬೇಡಿಕೆ ಇಷ್ಟೇ: ಹೆಸರು, ವಿಳಾಸ ಬಿಟ್ಟು ಬ್ಲಾಕ್ ಮಟ್ಟದ ಅಂಕಿಅಂಶ ಬಹಿರಂಗ ಮಾಡಿ. ಪಾಲಿಕೆ ಬಜೆಟ್ಟಿನ ದುಡ್ಡು ಅತಿ ಕಡಿಮೆ ಅಂಕದ ಬ್ಲಾಕ್‌ನಿಂದ ಶುರುವಾಗಲಿ.

ಗಣತಿಯವರು ಬಂದಾಗ ಪ್ರತಿ ಕಾಲಂ ಸರಿಯಾಗಿ ಬರೆಸಿ. ಇಲ್ಲದೇ ಇರೋ ನಲ್ಲಿಯನ್ನ ಮರ್ಯಾದೆಗೆ ಅಂಜಿ ಇದೆ ಅನ್ಬೇಡಿ. ನೀರು ಕೊಡದೇ ಇರೋರು ನಾಚಬೇಕು, ನಾವಲ್ಲ.

ಜೈ ಭೀಮ್.