ಶರೀಫರ ಪದಕ್ಕೆ ಅಂಕಿತ ಉಂಟು, ಹಾಲಕ್ಕಿ ಹಾಡಿಗೆ ಯಾರ ಹೆಸರು?

ಹೊನ್ನಾವರ: 'ದಿ ರಘು ದೀಕ್ಷಿತ್ ಪ್ರಾಜೆಕ್ಟ್' ಬ್ಯಾಂಡಿನ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಗಿಟಾರು, ಡ್ರಮ್ಸ್ ಜೊತೆ ಶಿಶುನಾಳ ಶರೀಫರ ತತ್ವಪದ. ನಮ್ಮ ಹಾಡನ್ನೂ ರಾಕ್ ಮಾಡಬಹುದು ಅನ್ನೋ ಧೈರ್ಯ ಹುಡುಗರಿಗೆ ಬಂದದ್ದು ಇಂಥ ಬ್ಯಾಂಡುಗಳಿಂದಲೇ. ಕರಾವಳಿಯವರು ಅದೇ ದಾರಿ ಹಿಡಿದರೆ ಹಾಡಿಗೇನೂ ಬರ ಇಲ್ಲ.

ಆದ್ರೆ ಒಂದು ವ್ಯತ್ಯಾಸ ಉಂಟು. 1889ರಲ್ಲಿ ತೀರಿಕೊಂಡ ಶರೀಫರ ಪದಗಳಲ್ಲಿ 'ಶಿಶುನಾಳಧೀಶ' ಅನ್ನೋ ಅಂಕಿತ ಇದೆ. ಯಾವ ಬ್ಯಾಂಡ್ ಹಾಡಿದರೂ ಅದು ಯಾರ ಪದ ಅಂತ ಗೊತ್ತಾಗ್ತದೆ. ಸಿ. ಅಶ್ವತ್ಥ್ ಅವರ ಕ್ಯಾಸೆಟ್‌ಗಳಿಂದ ಧಾಟಿಯೂ ಮೊದಲೇ ಮನೆಮನೆಗೆ ಮುಟ್ಟಿತ್ತು.

ಹೊನ್ನಾವರ, ಕುಮಟಾ ಕಡೆ ಹಾಲಕ್ಕಿ ಹೆಂಗಸರು ನೆಟ್ಟಿ ಗದ್ದೆಯಲ್ಲಿ, ಮದುವೆ ಮನೆಯಲ್ಲಿ ಹೇಳುವ ಹಾಡಿಗೆ ಅಂಕಿತವೇ ಇಲ್ಲ. ಗುಮಟೆ ಪದ, ಭಟ್ಕಳದ ಗೊಂಡರ ಢಕ್ಕೆ ಕುಣಿತದ ಹಾಡು ಕೂಡ ಹಾಗೇ. ಹೊನ್ನಾವರದ ಡಾ. ಎನ್.ಆರ್. ನಾಯಕ, ಕುಮಟಾದ ಡಾ. ಎಲ್.ಆರ್. ಹೆಗಡೆ ಇಂಥ ಹಾಡು ಸಂಗ್ರಹಿಸಿ ಬರೆದಿಟ್ಟರು. ಸಾಹಿತ್ಯವೇನೋ ಪುಸ್ತಕದಲ್ಲಿ ಉಳೀತು. ಧಾಟಿ ಇರೋದು ಅಜ್ಜಿಯಂದಿರ ಬಾಯಲ್ಲಿ. ಪಕ್ಕದ ಅಂಕೋಲೆಯ ಪದ್ಮಶ್ರೀ ಸುಕ್ರಿ ಬೊಮ್ಮಗೌಡ 2025ರ ಫೆಬ್ರವರಿಯಲ್ಲಿ ತೀರಿಕೊಂಡರು.

ನಾಳೆ ಯಾವುದೋ ಬ್ಯಾಂಡ್ ಈ ಹಾಡು ತಗೊಂಡು ಕೆಳಗೆ 'ಜನಪದ' ಅಂತ ಬರೆದರೆ, ಹೇಳಿಕೊಟ್ಟ ಅಜ್ಜಿಗೆ ಹೆಸರೂ ಇಲ್ಲ, ದುಡ್ಡೂ ಇಲ್ಲ. ಅದಕ್ಕೆ ಈಗಲೇ ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಫೋನಲ್ಲಾದರೂ ರೆಕಾರ್ಡ್ ಮಾಡಿ, ಹಾಡಿದವರ ಮತ್ತು ಊರಿನ ಹೆಸರು, ತಾರೀಕು ಬರೆದಿಡಬೇಕು. ಹಾಡು ಬೇಕಾದವರು ಅವರನ್ನು ಕೇಳಿಯೇ ತಗೊಳ್ಳಬೇಕು, ಸಂಭಾವನೆ ಬಂದರೆ ಅವರಿಗೂ ಪಾಲು ಕೊಡಬೇಕು.